ಪುಂಡಿಯ ಪಕ್ಷ, ಬದನೆಕಾಯಿಯ ಪಕ್ಷ

ಭಾಲ್ಕಿಯ ದವಾಖಾನೆಯ ಡಾಕ್ಟರು ಅಕ್ಕನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿ, ಕೈ ತೊಳೆದುಕೊಳ್ಳುತ್ತ ಹೇಳಿದರು: "ಒಳಗ ಸುಣ್ಣ ಹೊಡದ ಗ್ವಾಡಿ ಇದ್ದಂಗ ಅದ. ರಕ್ತ ಭಾಳ ಕಮ್ಮಿ. ಈಕಿಗೂ ಅದೇ ರಕ್ತ, ಹೊಟ್ಯಾಗಿನ ಕೂಸಿಗೂ ಅದೇ ರಕ್ತ. ಹಸರು ತಪ್ಪಲ ತಿನಿಸ್ರಿ. ಅದ್ರಾಗ ಫೌಲಾದ್ ಇರ್ತದ."

ತಪ್ಪಲ ಎಂದರೆ ಸೊಪ್ಪು, ಫೌಲಾದ್ ಎಂದರೆ ಕಬ್ಬಿಣ, ಉಕ್ಕು. ಜತೆಗೆ ಬಂದಿದ್ದ ಅಕ್ಕನ ಅತ್ತೆ ದವಾಖಾನೆಯ ಮೆಟ್ಟಿಲು ಇಳಿದ ಮೇಲೆ ಸೆರಗು ಸರಿಮಾಡಿಕೊಂಡರು. "ಕಬ್ಬಿಣ ತಿನಿಸ್ಬೇಕಂತ. ನಮ್ಮ ಸೊಸಿ ಏನು ರೈಲ್ ಗಾಡಿ ಏನ?" ಎಂದು ತಾವೇ ನಕ್ಕರು. ಅಕ್ಕನೂ ನಕ್ಕಳು. ನಗದೆ ಇದ್ದರೆ ಅದಕ್ಕೊಂದು ಬೇರೆ ಮಾತು ಬರುತ್ತಿತ್ತು.

ಅದು ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿಸಿದ, ಪೊಲೀಸ್ ಆಕ್ಷನ್ ಆದ ವರ್ಷದ ಮಳೆಗಾಲದ ಕೊನೆ. ಬೀದರಿನಲ್ಲಿ ನಮ್ಮ ಶಾಲೆಗೆ ಬೀಗ ಬಿದ್ದಿತ್ತು. ಔರಾದಿನ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಯಾರು ಯಾರನ್ನು ತಡೆದು ಏನು ಕೇಳುತ್ತಾರೆಂದು ಹೇಳುವ ಹಾಗಿರಲಿಲ್ಲ. ಆದ್ದರಿಂದ ನಾನು ಭಾಲ್ಕಿಯಲ್ಲಿ, ಅಕ್ಕನನ್ನು ಕೊಟ್ಟ ಮನೆಯಲ್ಲಿ ಉಳಿದೆ. ಬೀಗರ ಮನೆಯಲ್ಲಿ ಉಳಿದ ಗಂಡು ಹುಡುಗನಿಗೆ ಊಟ ಚೆನ್ನಾಗಿ ಸಿಗುತ್ತದೆ. ಅದೇ ಮನೆಗೆ ಕೊಟ್ಟ ಹೆಣ್ಣಿಗೆ ಸಿಗುವುದಿಲ್ಲ. ಇದನ್ನು ನಾನು ತರ್ಕದಿಂದ ಕಂಡುಕೊಂಡದ್ದಲ್ಲ, ತಾಟು ನೋಡಿ ಕಂಡದ್ದು.

ಅಕ್ಕನ ಮಾವ ವಕೀಲರು. ಕಚೇರಿಯ ಬಾಗಿಲು ಮುಚ್ಚಿದ್ದರಿಂದ ಅವರಿಗೆ ವಾದ ಮಾಡಲು ಜನ ಸಿಕ್ಕಿರಲಿಲ್ಲ, ಅದು ಅವರ ಮೈಗೆ ಹತ್ತಿದ ಕಾಯಿಲೆಯಂತೆ ಕಾಣುತ್ತಿತ್ತು. ಸಂತೆ ನಿಂತಿತ್ತು. ಹೊಲದ ಕಡೆ ಯಾರೂ ಹೋಗುತ್ತಿರಲಿಲ್ಲ. ಮನೆಯ ಹಿತ್ತಲಲ್ಲಿ ಬಾವಿಯ ನೀರಿನ ಮೇಲೆ ಬದುಕಿದ್ದ ತರಕಾರಿ ಎರಡೇ: ಬದನೆಯ ಒಂದು ಮಡಿ, ಗೋಡೆಗುಂಟ ಪುಂಡಿ ಎಂಬ ಹುಳಿಸೊಪ್ಪಿನ ಒಂದು ಸಾಲು. ಬದನೆಕಾಯಿಗೆ ಶೇಂಗಾ, ಎಳ್ಳು, ಖಾರ ತುಂಬಿ ಎಣ್ಣೆ ತೇಲುವ ಹಾಗೆ ಮಾಡಿದರೆ ಅದು ಗಂಡಸರ ತಾಟಿಗೆ. ಪುಂಡಿ ಸೊಪ್ಪನ್ನು ಜೋಳದ ನುಚ್ಚು, ತೊಗರಿಬೇಳೆ ಹಾಕಿ ಕುದಿಸಿ ಕಡೆದರೆ ಅದು ಹೆಂಗಸರ ಗಡಿಗೆಗೆ. ಗಂಡಸರು ಉಂಡು ಎದ್ದಮೇಲೆ ಹೆಂಗಸರ ಊಟ. ಅತ್ತೆ ಮೊದಲು, ಹಿರಿಸೊಸೆ ಆಮೇಲೆ, ಗಡಿಗೆಯ ತಳಕ್ಕೆ ಅಂಟಿದ್ದು ಅಕ್ಕನಿಗೆ. ಅರ್ಧ ಸವಟು ಬಿದ್ದರೆ ಆ ದಿನ ಒಳ್ಳೆಯದು.

ಅಕ್ಕನಿಗೆ ಆಗ ಆರು ತಿಂಗಳು ತುಂಬುತ್ತಿತ್ತು. ಎರಡು ಕೊಡ ನೀರು ತಂದರೆ ಅಡುಗೆಮನೆಯ ಕಂಬ ಹಿಡಿದು ನಿಲ್ಲುತ್ತಿದ್ದಳು.

ನೇರವಾಗಿ ಕೇಳಬಹುದಿತ್ತಲ್ಲ ಎಂದು ಈಗ ಯಾರಾದರೂ ಅನ್ನಬಹುದು. ಅವರು ಬೀಗರ ಮನೆಯಲ್ಲಿ ಉಂಡವರಲ್ಲ. "ನಮ್ಮಕ್ಕಗ ಊಟ ಸಾಲದು" ಎಂದು ತಮ್ಮನಾದವನು ಬಾಯಿ ಬಿಟ್ಟರೆ ಆ ಮನೆಯ ಮರ್ಯಾದೆಗೆ ಕಲ್ಲು ಹಾಕಿದಂತೆ. ಕಲ್ಲು ಬಿದ್ದ ಮನೆ ಅದರ ಪೆಟ್ಟನ್ನು ಹುಡುಗನಿಗೆ ತೋರಿಸುವುದಿಲ್ಲ, ಸೊಸೆಗೆ ತೋರಿಸುತ್ತದೆ. ಆದ್ದರಿಂದ ನನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಬಳಸಲು ಹೊರಟೆ.

ಆ ವಿದ್ಯೆಯನ್ನು ಕಲಿಸಿದವರು ಬೀದರಿನ ನಮ್ಮ ಉರ್ದು ಮಾಸ್ತರರು. ವಾರಕ್ಕೊಮ್ಮೆ ಮುಬಾಹಿಸಾ, ಎಂದರೆ ವಾದಸ್ಪರ್ಧೆ. ಯಾವ ಪಕ್ಷ ಕೊಟ್ಟರೆ ಆ ಪಕ್ಷ ಹಿಡಿಯಬೇಕು, ಮುಂದಿನ ವಾರ ಅದನ್ನೇ ಮುರಿಯಬೇಕು. "ನಿನಗೇನು ಅನಿಸುತ್ತದೆಂದು ಯಾರೂ ಕೇಳಿಲ್ಲ, ತೀರ್ಪುಗಾರನಿಗೆ ಏನು ಬೇಕೆಂದು ನೋಡು" ಎನ್ನುತ್ತಿದ್ದರು. ಪೊಲೀಸ್ ಆಕ್ಷನ್ ಆದ ಮೇಲೆ ಅವರ ಮನೆಯ ಬಾಗಿಲಿಗೂ ಬೀಗ ಬಿದ್ದಿತ್ತು. ಎಲ್ಲಿ ಹೋದರೆಂದು, ಬೀದರ ಬಿಡುವ ಮುಂಚೆ, ಅವರ ಓಣಿಯವರನ್ನು ಕೇಳಿದ್ದೆ. ಅಷ್ಟು ಮಾತುಗಾರರಿದ್ದ ಓಣಿಯಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ, ಒಬ್ಬಾತ ಮಾತ್ರ ಆ ಮನೆಯ ಬಾಗಿಲು ಒಳ್ಳೆಯ ಸಾಗವಾನಿಯದೆಂದು ಹೇಳಿದ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ಮಾವನ ಮಾತು ಆ ಮನೆಯಲ್ಲಿ ಕಾನೂನು. ಪುಂಡಿಯೇ ಮೇಲು, ಅದರಲ್ಲೇ ಡಾಕ್ಟರು ಹೇಳಿದ ಫೌಲಾದ್ ಇರುವುದು ಎಂದು ನಾಲ್ಕು ಜನರ ಮುಂದೆ ಅವರ ಬಾಯಿಂದಲೇ ಬರಿಸಿದರೆ, ಬಸುರಿ ಸೊಸೆಯ ತಾಟಿಗೆ ಮೊದಲು ಹಾಕಿರೆಂದು ಅವರೇ ಹೇಳುತ್ತಾರೆ. ಬೇಡಿದಂತೆಯೂ ಆಗುವುದಿಲ್ಲ, ಸಿಕ್ಕಂತೆಯೂ ಆಗುತ್ತದೆ.

ಸಂಜೆ ಹೊತ್ತು ಓಣಿಯ ಗಂಡಸರು ಆ ಮನೆಯ ಪಡಸಾಲೆಗೆ ಬಂದು ಕೂರುತ್ತಿದ್ದರು. ಹೊರಗೆ ಹೋಗುವ ಧೈರ್ಯವಿಲ್ಲದವರು ಒಳಗೆ ಕೂತು ಧೈರ್ಯದ ಮಾತಾಡುತ್ತಿದ್ದರು. ನಾನು ವಿಷಯ ಇಟ್ಟೆ: ಬದನೆಕಾಯಿಯಲ್ಲಿ ಸತ್ವ ಹೆಚ್ಚೋ, ಪುಂಡಿಯಲ್ಲೋ? ಮಾವನ ಮುಖ ಕಚೇರಿ ಮತ್ತೆ ತೆರೆದಂತೆ ಅರಳಿತು. ಬದನೆಕಾಯಿಯ ವಕಾಲತ್ತು ತಮ್ಮದೇ ಎಂದರು, ತೀರ್ಪೂ ತಮ್ಮದೇ ಎಂದರು. ಯಾರೂ ಆಕ್ಷೇಪಣೆ ಎತ್ತಲಿಲ್ಲ. ನಿನ್ನೆಯ ತನಕದ ಸರಕಾರವೂ ಹಾಗೆಯೇ ನಡೆದಿತ್ತು.

"ನೋಡ್ರಿ ಮಹಾಜನರಾ," ಎಂದು ಮಾವ ತೆಕ್ಕೆದಿಂಬಿಗೆ ಒರಗಿಯೇ ಶುರುಮಾಡಿದರು. "ಬದ್ನಿಕಾಯಿ ತಲಿ ಮ್ಯಾಲ ಕಿರೀಟ ಅದ. ಮತ್ಯಾವ ಕಾಯಿಪಲ್ಲ್ಯಾಕ್ಕಾದ್ರೂ ಅದ ಏನ್ರಿ?"

"ಕಿರೀಟ ಇದ್ದವರ ಗತಿ ಏನಾಗ್ಯಾದ, ನಿನ್ನಿ ಮೊನ್ನಿ ನೋಡೀರಲ್ರಿ ಮಾವಾರ?" ಎಂದೆ.

ಬಾಗಿಲ ಬಳಿ ಕೂತವನು ಹೊರಗೆ ಇಣುಕಿ ನೋಡಿದ. ಓಣಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಪಡಸಾಲೆ ಹೋ ಎಂದು ನಕ್ಕಿತು. ಅಡುಗೆಮನೆಯ ಬಾಗಿಲ ಹಿಂದೆ ಅಕ್ಕನ ನಗೆಯೂ ಕೇಳಿಸಿತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡ ನಗೆ.

ನಾನು ತಯಾರಿ ಮಾಡಿಕೊಂಡೇ ಬಂದಿದ್ದೆ. ಬದನೆಕಾಯಿಯನ್ನು ಹೋಳು ಮಾಡಿ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿಟ್ಟಿದ್ದೆ. ದಪ್ಪ ಕಾಯಿಯೊಂದು ಒಣಗಿ ಅಂಗೈಯಲ್ಲಿ ಮುಚ್ಚುವಷ್ಟಾಗಿತ್ತು. ಅದನ್ನು ಎಲ್ಲರ ಮುಂದೆ ಹಿಡಿದೆ. "ಇದ್ರಿ ನಿಮ್ಮ ರಾಜ. ನೀರು ಹೋದ್ರ ಉಳಿಯೋದು ಇಷ್ಟೇ. ಎಣ್ಣಿ, ಶೇಂಗಾ, ಎಳ್ಳಿನ ರುಚಿಗಿ ಬದ್ನಿಕಾಯಿ ಅಂತ ಹೆಸರಿಟ್ಟು ಉಣ್ಣಾಕತ್ತೀರಿ."

ಪುಂಡಿ ಸೊಪ್ಪನ್ನು ಒಣಗಿಸಿ ತೋರಿಸಲಿಲ್ಲ. ಅದೂ ಒಣಗಿದರೆ ಮುಷ್ಟಿಯಷ್ಟೇ ಉಳಿಯುತ್ತದೆ. ಎದುರಾಳಿ ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದೆಂಬುದು ಮಾಸ್ತರರ ಮೊದಲ ಪಾಠ.

"ಪುಸ್ತಕದ ಬದ್ನಿಕಾಯಿ ಹೇಳಬ್ಯಾಡ ತಮ್ಮಾ" ಎಂದರು ಮಾವ.

"ಪುಸ್ತಕದ್ದಲ್ರಿ, ನಿಮ್ಮ ಹಿತ್ತಲದಾಗಿಂದೇ. ಈಗ ಪುಂಡಿ ಕೇಳ್ರಿ. ಕೂಲಿ ಹೆಣ್ಮಕ್ಕಳು ಪುಂಡಿ ಉಂಡು ಇಡೀ ದಿನ ಬಗ್ಗಿ ಕಳಿ ತೆಗೀತಾರ. ನೀವು ಎಣ್ಣಿಗಾಯಿ ಉಂಡು ಈ ತೆಕ್ಕಿಗಿ ಒರಗಿದ್ರ ಎಬ್ಬಸಾಕ ಇಬ್ಬರು ಬೇಕು. ಮೊಳಕಾಲು ಹಿಡಕೊಂಡು ಯಾರು ನರಳ್ತಾರ, ಅವರೋ ನೀವೋ? ಡಾಕ್ಟರು ಹೇಳ್ಯಾರ, ಹಸರು ತಪ್ಪಲದಾಗ ಫೌಲಾದ್ ಅದ ಅಂತ. ಹುಳಿ ಇದ್ದಲ್ಲಿ ಆ ಫೌಲಾದ್ ಮೈಗಿ ಹತ್ತತದ. ಪುಂಡಿಯೊಳಗ ಎರಡೂ ಅದ. ಬದ್ನಿಕಾಯ್ಯಾಗ ಏನದ? ಬೀಜ ಅದ."

ಮೊಣಕಾಲಿನ ಮಾತು ಗುರಿಗೆ ತಾಗಿತು. ಮಾವನ ಕೈ ತಾನಾಗಿ ಮೊಣಕಾಲಿಗೆ ಹೋಯಿತು. ಗೆದ್ದೆನೆಂದು ನನಗೆ ಆಗಲೇ ಗೊತ್ತಾಯಿತು.

ಮಾವ ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಫೈಸಲಾ ಕೇಳ್ರಿ. ಹುಡುಗ ಶಾಣ್ಯಾ ಇದ್ದಾನ. ಪುಂಡಿ ಗೆದ್ದದ. ಇಷ್ಟು ಫೌಲಾದ್ ಇರೋ ಪಲ್ಲ್ಯಾ ಇಷ್ಟು ವರ್ಷ ನಮ್ಮ ಮನ್ಯಾಗ ಸುಮ್ನ ಹಾಳಾಗ್ಲಕತ್ತಿತ್ತು. ನಾಳಿಂದ ಪುಂಡಿ ನಮ್ಮ ತಾಟಿಗಿ ಬರ್ಲಿ."

ಅಡುಗೆಮನೆಯ ನಗೆ ನಿಂತಿತು.

"ಮಾವಾರ, ಡಾಕ್ಟರು ಹೇಳಿದ್ದು ಅಕ್ಕಗ ರೀ..." ಎಂದೆ.

"ಆಕಿಗೂ ಉಳೀತದ ಬಿಡಪಾ. ಗಂಡಸರು ಎಷ್ಟು ತಿಂದಾರು?"

ಗಂಡಸರು ಎಷ್ಟು ತಿನ್ನುತ್ತಾರೆಂಬುದು ಮರುದಿನ ಗೊತ್ತಾಯಿತು. ಮಾವ ಎರಡು ಸಲ ಹಾಕಿಸಿಕೊಂಡರು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಬೆರಳು ನೆಕ್ಕಿ "ಹುಳಿ ಚಲೋ ಅದ" ಎಂದರು. ಮದುವೆಯಾದಾಗಿನಿಂದ ಹೆಂಡತಿ ಏನು ತಿನ್ನುತ್ತಾಳೆಂದು ಅವರು ನಾಲಿಗೆಯಿಂದ ತಿಳಿದುಕೊಂಡದ್ದು ಆವತ್ತೇ. ಗಡಿಗೆ ಒಳಗೆ ಹೋಗುವಾಗ ಅದರ ತಳ ಕಾಣುತ್ತಿತ್ತು. ಹೆಂಗಸರಿಗೆ ಅಂದು ಬದನೆಕಾಯಿ. ತುಂಬಗಾಯಿ ಅಂದುಕೊಳ್ಳಬೇಡಿ. ಎಣ್ಣೆ, ಶೇಂಗಾ ಗಂಡಸರ ಬಾಬತ್ತು, ಬದನೆಕಾಯಿ ಪಕ್ಷ ಬದಲಿಸಿದರೂ ಅವು ಬದಲಿಸಲಿಲ್ಲ. ಉಪ್ಪು ನೀರಲ್ಲಿ ಬೆಂದ ಕಾಯಿ, ನಾನು ಸಾಬೀತು ಮಾಡಿದ ಹಾಗೆಯೇ, ಬರೀ ನೀರು.

ಅತ್ತೆ ನನಗೆ ಕೇಳಿಸಬೇಕೆಂದೇ ಅಕ್ಕನಿಗೆ ಹೇಳಿದರು: "ನಿನ್ನ ತಮ್ಮ ಭಾಳ ಓದ್ಯಾನವ್ವಾ. ನಮ್ಮ ಗಡಗಿ ತೊಳದಿಟ್ಟಂಗ ಮಾಡ್ದ."

ಹಿತ್ತಲಲ್ಲಿ ಅಕ್ಕ ಪುಂಡಿಯ ಗಿಡದಲ್ಲಿ ಉಳಿದ ಎಲೆ ಹುಡುಕುತ್ತಿದ್ದಳು. ಎರಡು ಹೊತ್ತೂ ಗಂಡಸರ ತಾಟಿಗೆ ಹೋಗಬೇಕಾದದ್ದರಿಂದ ಕೆಳಗಿನ ಎಲೆಗಳೆಲ್ಲ ಮುಗಿದಿದ್ದವು. ತುದಿಯಲ್ಲಿ ಮೊಗ್ಗು ಬರುತ್ತಿತ್ತು. ಹೂ ಬಿಟ್ಟಮೇಲೆ ಪುಂಡಿಯ ಎಲೆ ಚಿಕ್ಕದಾಗುತ್ತದೆ, ಬಿರುಸಾಗುತ್ತದೆ.

"ಆ ಗಡಗಿ ಕಡಿ ಯಾರೂ ನೋಡ್ತಿರ್ಲಿಲ್ಲ ತಮ್ಮಾ," ಎಂದಳು, ನನ್ನ ಕಡೆ ತಿರುಗದೆ. "ಯಾರೂ ನೋಡ್ತಿರ್ಲಿಲ್ಲಂತೇ ಅರ್ಧ ಸವಟಾದ್ರೂ ನನಗ ಬರ್ತಿತ್ತು."

"ಇನ್ನೊಂದು ವಾದ ಹೂಡ್ತೇನಿ. ಬದ್ನಿಕಾಯೇ ಮೇಲು ಅಂತೇನಿ. ಮತ್ತ ಅದರ ಕಡಿ ಹೋಗ್ತಾರ."

"ನಿನಗ ಬಾಯಿ ಅದ. ನನಗ ಹೊಟ್ಟಿ ಅದ" ಎಂದಷ್ಟೇ ಹೇಳಿದಳು.

ನಾನು ಹೂಡಿದೆ. ನನ್ನ ವಾದದಲ್ಲಿ ದೋಷವಿರಲಿಲ್ಲ, ಆಗಲೂ ಇರಲಿಲ್ಲ, ಈಗಲೂ ಕಾಣುವುದಿಲ್ಲ. ತೀರ್ಪುಗಾರನನ್ನು ತಿರುಗಿಸಿದರೆ ಪಲ್ಯವೂ ತಿರುಗುತ್ತದೆಂಬುದು ಶುದ್ಧ ತರ್ಕ. ಮರುದಿನ ಸಂಜೆ ಅದೇ ಪಡಸಾಲೆಯಲ್ಲಿ ಬದನೆಕಾಯಿಯ ಪಕ್ಷ ಹಿಡಿದೆ. ಪುಂಡಿಯ ಹುಳಿ ಹಲ್ಲು ಚಳಿಸುತ್ತದೆ, ವಯಸ್ಸಾದವರ ಕೀಲಿಗೆ ಆಗದು. ಬದನೆಕಾಯಿಯ ನಾರು ಹೊಟ್ಟೆ ತೊಳೆಯುತ್ತದೆ, ಎಣ್ಣೆಯ ಬಲವನ್ನು ಮೈಗೆ ಸೇರಿಸಲು ಅದಕ್ಕಿಂತ ಒಳ್ಳೆಯ ವಾಹನವಿಲ್ಲ. ಮೊನ್ನೆ ನಾನೇ ಕಟ್ಟಿದ ಗೋಡೆಯನ್ನು ಒಂದೊಂದೇ ಕಲ್ಲು ತೆಗೆದು ಕೆಡವಿದೆ. ಓಣಿಯವರು ತೊಡೆ ತಟ್ಟಿ ಮೆಚ್ಚಿದರು.

ಮಾವ ಹೊಟ್ಟೆ ಹಿಡಿದು ನಕ್ಕರು. "ಹೇಳೋದು ಶಾಸ್ತ್ರ, ತಿನ್ನೋದು ಬದ್ನಿಕಾಯಿ ಅಂತಾರ. ಇಂವ ತಿನ್ನೋದನ್ನೇ ಶಾಸ್ತ್ರ ಮಾಡ್ದ! ಫೈಸಲಾ ಏನಂದ್ರ, ಎರಡೂ ಪಕ್ಷ ಖರೇ. ಎರಡೂ ಚಲೋ. ಎರಡೂ ತಾಟಿಗಿ ಬರ್ಲಿ."

ಎರಡೂ ಬಂದವು. ಹೆಂಗಸರಿಗೆ ರೊಟ್ಟಿ, ಕೆಂಪು ಖಾರ, ಮಜ್ಜಿಗೆ ಉಳಿದಿದ್ದರೆ ಅದರ ನೀರು. ಹಿರಿಸೊಸೆ ನನ್ನ ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು, "ನಾಳಿ ಖಾರದ ಮ್ಯಾಲ ವಾದ ಅದ ಏನೋ?" ಎಂದು ಕೇಳಿದಳು. ನನ್ನ ತಾಟಿನಲ್ಲಿ ಎರಡೂ ಪಲ್ಯ ಇದ್ದವು.

ಏಳನೆಯ ತಿಂಗಳಿಗೆ ದಾರಿ ತೆರೆಯಿತು. ಅಕ್ಕನನ್ನು ಹೆರಿಗೆಗೆ ತವರಿಗೆ ಕರೆದೊಯ್ಯಲು ಭಾಲ್ಕಿಯಲ್ಲಿ ರೈಲು ಹತ್ತಿಸಿದೆ. ಕಮಲನಗರದಲ್ಲಿ ಇಳಿಯುವಾಗ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಅಕ್ಕನ ಮುಖ ನೋಡಿ ಪಕ್ಕದವಳಿಗೆ ಮರಾಠಿಯಲ್ಲಿ, "ಹಿಚ್ಯಾತ ರಕ್ತಚ ನಾಹೀ ಗ" ಎಂದಳು. ಇವಳಲ್ಲಿ ರಕ್ತವೇ ಇಲ್ಲ ಎಂದು. ಕಣ್ಣಿನ ರೆಪ್ಪೆ ಜಗ್ಗದೆಯೇ ಅವಳಿಗೆ ಕಂಡಿತ್ತು. ಅಲ್ಲಿಂದ ಔರಾದಿಗೆ ಬಂಡಿ. ಬಂಡಿಯ ಕುಲುಕಿಗೆ ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು. ಮನೆ ಮುಟ್ಟಿದರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಅದು ಅವ್ವನ ಮನೆ.

ವಾದದ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಭಾಲ್ಕಿಯ ವಕೀಲರನ್ನೇ ಸೋಲಿಸಿದ ಮಗ! ಅವ್ವ ತೊಗರಿ ಹೊಲದ ಅಂಚಿನಿಂದ ಆ ವರ್ಷದ ಕೊನೆಯ ಪುಂಡಿ ಕುಡಿಗಳನ್ನು ಆರಿಸಿ ತರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮಾಡಿದ್ದಳು. ಅಪ್ಪನೂ ನಾನೂ ಊಟಕ್ಕೆ ಕೂತೆವು. ಅವ್ವ ಇದ್ದ ಪಲ್ಯವೆಲ್ಲ ನನ್ನ ತಾಟಿಗೆ ಹಾಕಿಸಿದಳು. ಬಡಿಸುತ್ತಿದ್ದವಳು ಅಕ್ಕ.

"ಗೆದ್ದು ಬಂದೀ ಮಗಾ. ಉಣ್ಣು. ಅದ್ರಾಗ ಏನೋ ಶಕ್ತಿ ಅದಂತಲಾ" ಎಂದಳು ಅವ್ವ.

ಅಕ್ಕ ಸವಟು ಬೋರಲು ಮಾಡಿ ತಾಟಿನ ಅಂಚಿಗೆ ತಟ್ಟಿದಳು. "ತಿನ್ನು ತಮ್ಮಾ. ಮುಂದಿನ ವಾದಕ್ಕ ಬೇಕಾಗ್ತದ."

ನಾನು ತಾಟನ್ನು ಅವಳ ಕಡೆ ಸರಿಸಿ, "ಇದು ಅಕ್ಕಗ. ಡಾಕ್ಟರು ಹೇಳ್ಯಾರ" ಎಂದೆ. ಅವ್ವ ಗಾಬರಿಯಾದಳು. ಗಂಡಸರ ಸಾಲಿನಿಂದ ಎತ್ತಿದ ತಾಟನ್ನು ಬಸುರಿ ಹೆಣ್ಣಿಗೆ ಕೊಡುವುದೆಂದರೇನು, ಯಾರಾದರೂ ಕಂಡರೆ! ಆ ಗೊಂದಲದಲ್ಲಿ ಅಪ್ಪ ಕೈ ಚಾಚಿದರು. "ಅವಂಗ ಬ್ಯಾಡಾದ್ರ ಇತ್ಲಾಗ ಹಾಕು. ಹಾಳು ಮಾಡಬ್ಯಾಡ್ರಿ." ಹಾಳು ಎಂಬ ಅದೇ ಪದ, ಭಾಲ್ಕಿಯ ಪದವೇ. ಅಪ್ಪ ಕೆಟ್ಟವರಲ್ಲ. ಮಗಳೆಂದರೆ ಪ್ರಾಣ. ಪಲ್ಯವನ್ನು ಪೂರಾ ಉಂಡರು.

ಕೂಸು ದಿನ ತುಂಬುವ ಮೊದಲೇ ಹುಟ್ಟಿತು. ಅತ್ತಿತು, ಆದರೆ ಪಕ್ಕದ ಕೋಣೆಗೆ ಕೇಳುವಷ್ಟು ಅಳಲಿಲ್ಲ. ಕೆಲವು ದಿನ ಇತ್ತು, ಆಮೇಲೆ ಇರಲಿಲ್ಲ. ಅಕ್ಕ ಉಳಿದಳು, ಉಳಿದಳೆಂದರೆ ಗೋಡೆ ಹಿಡಿದು ಹಿತ್ತಲಿನವರೆಗೆ ಹೋಗಿ ಬರುವಷ್ಟು. ಔರಾದಿನಲ್ಲಿ ನೋಡಿದ ಡಾಕ್ಟರೂ ರೆಪ್ಪೆ ಜಗ್ಗಿ ಅದನ್ನೇ ಹೇಳಿದರು. ಇದೇ ರಕ್ತದಲ್ಲಿ ಇನ್ನೊಂದು ಸಲ ಬಸುರಾದರೆ ಈಕೆಯೂ ಉಳಿಯುವುದಿಲ್ಲ ಎಂದೂ ಸೇರಿಸಿದರು. ಭಾಲ್ಕಿಯಿಂದ ಅತ್ತೆ ಹೇಳಿ ಕಳಿಸಿದ್ದು ಇಷ್ಟು: "ನಮ್ಮ ಮನ್ಯಾಗ ದಿನಾ ಎರಡು ಪಲ್ಲ್ಯಾ ಬೇಯ್ತಾವ. ನಮ್ಮ ಕಡಿಂದ ಏನ್ ಕಮ್ಮಿ ಆಗಿಲ್ಲ." ಈ ಹೇಳಿಕೆಯಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಕ್ಕ ಅವ್ವನ ಹತ್ತಿರ ಏನು ಹೇಳಿದಳೋ ಗೊತ್ತಿಲ್ಲ. ಅವ್ವ ಅದಾದಮೇಲೆ ಬದಲಾದಳು. ಅಪ್ಪ ಹೊಲಕ್ಕೆ ಹೋದ ಮೇಲೆ ಹಿತ್ತಲಿನ ನುಗ್ಗೆ ಗಿಡದ ಎಲೆ ಉದುರಿಸಿ ತಂದು, ಸಣ್ಣ ಗಡಿಗೆಯಲ್ಲಿ ಬೇಯಿಸಿ, ಅಕ್ಕನನ್ನು ಒಲೆಯ ಹಿಂದೆ ಕೂರಿಸಿ ತಿನ್ನಿಸುತ್ತಿದ್ದಳು. ನಾನು ಎದುರು ಬಂದರೆ ಗಡಿಗೆಯ ಮೇಲೆ ಮುಚ್ಚಳ ಬೀಳುತ್ತಿತ್ತು. ನನ್ನ ಬಾಯಿಗೆ ಆ ಮನೆಯಲ್ಲಿ ಅಷ್ಟು ಹೆಸರು ಬಂದಿತ್ತು. ಅಕ್ಕನ ತುಟಿಗೆ ತುಸು ಬಣ್ಣ ಬರತೊಡಗಿತು.

ಆಗಲೇ ಮಾವ ಭಾಲ್ಕಿಯಿಂದ ಸೊಸೆಯನ್ನು ಮಾತಾಡಿಸಿಕೊಂಡು ಹೋಗಲು ಬಂದರು. ಕೂಸಿನ ಮಾತು ಎತ್ತಿ, ದೇವರ ಇಚ್ಛೆ ಎಂದು ಮುಗಿಸಿ, ಪಡಸಾಲೆಯ ಕಂಬಳಿಯ ಮೇಲೆ ಕೂತರು. ಯಾರ ಕೈಯೂ ಹಿಡಿಯದೆ ಕೂತರು. ನನ್ನನ್ನು ಹತ್ತಿರ ಕರೆದು ಬೆನ್ನು ತಟ್ಟಿದರು.

"ನಿನ್ನ ವಾದ ಖರೇ ಆಯ್ತಪಾ. ನನ್ನ ಮಾರಿ ನೋಡು, ಹ್ಯಾಂಗ ಕೆಂಪಾಗ್ಯಾದ! ಮೊಳಕಾಲು ನೋವು ಮಂಗಮಾಯ. ಹಿತ್ತಲದ ಪುಂಡಿ ಮುಗಿದ ಮ್ಯಾಲ ಸಂತಿಯಿಂದ ತರಿಸಿ ಒಣಗಿಸಿಟ್ಟಿದ್ದೇ ಉಣ್ಣಾಕತ್ತೀನಿ."

ನೋಡಿದೆ. ನಿಜವಾಗಿಯೂ ಕೆಂಪಾಗಿತ್ತು. ನಾನು ಮಂಡಿಸಿದ ಪಕ್ಷಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ. ಅಕ್ಕ ನೀರಿನ ತಂಬಿಗೆ ತಂದು, ಮುಖಕ್ಕೆ ಸೆರಗು ಎಳೆದುಕೊಂಡು, ಅವರ ಮುಂದೆ ಇಟ್ಟು ಒಳಗೆ ಹೋದಳು.

ಮಾವ ಮೂಗು ಅರಳಿಸಿದರು. "ಒಳಗ ಏನೋ ತಪ್ಪಲ ಬೇಯಾಕತ್ತದಲಾ. ಪುಂಡಿ ವಾಸನಿ ಅಲ್ಲ. ಏನದು?"

"ನುಗ್ಗಿ ತಪ್ಪಲ ರೀ."

"ನುಗ್ಗಿ ತಪ್ಪಲ?" ಅವರ ಕಣ್ಣಲ್ಲಿ ಕಚೇರಿಯ ಬಾಗಿಲು ತೆರೆಯಿತು. "ಅದ್ರಾಗ ಫೌಲಾದ್ ಅದ ಏನು? ಪುಂಡಿಗಿಂತ ಮೇಲೋ ಕೆಳಗೋ? ಹೂಡಪಾ ವಾದ, ಕೇಳೋಣು. ಹೊತ್ತೂ ಹೋಗ್ತದ."

ಒಳಗೆ ಕೈಬಳೆಯ ಸಪ್ಪಳ ನಿಂತಿತು. ಅವ್ವನೂ ಅಕ್ಕನೂ ಒಲೆಯ ಹಿಂದೆ ಕಿವಿಯಾಗಿ ಕೂತದ್ದು ನನಗೆ ಗೋಡೆಯ ಈಚೆಯಿಂದಲೇ ಗೊತ್ತಾಯಿತು. ನುಗ್ಗೆ ಎಲೆಯಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಪುಂಡಿಯನ್ನೂ ಬದನೆಯನ್ನೂ ಒಂದೇ ಏಟಿಗೆ ಮಲಗಿಸುವ ವಾದ ನಾಲಿಗೆಯ ತುದಿಯಲ್ಲಿತ್ತು.

"ಏನೂ ಇಲ್ರಿ ಅದ್ರಾಗ," ಎಂದೆ. "ಕಹಿ. ನಮ್ಮ ಎಮ್ಮಿ ಸುದ್ದಾ ಮೂಸಿ ಬಿಡ್ತದ."

"ಮತ್ತ ಮನ್ಯಾಗ ಯಾಕ ಬೇಯಿಸ್ತೀರಿ?"

"ಹೆಣ್ಮಕ್ಕಳು ತಿಂತಾರ ರೀ. ಅವರಿಗಿ ಏನಾದ್ರೂ ನಡೀತದ."

ಮಾವ ತಲೆಯಾಡಿಸಿದರು. ಇದು ಅವರಿಗೆ ಪೂರ್ತಿ ಒಪ್ಪಿಗೆಯಾಗುವ ಮಾತು. ಆದರೂ ವಕೀಲರು ಬಿಡಬೇಕಲ್ಲ. "ಅಂದ್ರ ವಾದ ಮಾಡಂಗಿಲ್ಲ ಅಂತೀ?"

"ವಾದ ಮಾಡೂವಷ್ಟು ಅದ್ರಾಗ ಏನದ್ರಿ, ಮಾವಾರ?"

"ಬಿಡು ಹಂಗಾರ" ಎಂದು ಅವರು ಗೋಡೆಗೆ ಒರಗಿದರು. ಅಪ್ಪನಿಗೆ ಕೂಗಿ, ಊಟಕ್ಕೆ ಬದನೆಕಾಯಿ ಇದೆಯೋ ಎಂದು ವಿಚಾರಿಸಿದರು. ಇದೆ ಎಂದರು ಅಪ್ಪ. ಒಳಗೆ ಮುಚ್ಚಳ ತೆರೆದ ಸಪ್ಪಳವಾಯಿತು. ಆಮೇಲೆ ಸವಟು ಗಡಿಗೆಯ ತಳ ಕೆರೆಯಿತು, ಮತ್ತೊಮ್ಮೆ ಕೆರೆಯಿತು.